ಬೂಟಿಗೆ ಹೊಳಪು, ಪುಸ್ತಕಕ್ಕೆ ಧೂಳು?

ಪದವಿ ಕಾಲೇಜುಗಳಲ್ಲಿ ಪ್ರವೇಶದ ಗಡಿಬಿಡಿ ಮುಗಿದು ಪಾಠಗಳು ಒಂದು ಹದಕ್ಕೆ ಬರುವ ಹೊತ್ತಿಗೆ ಸೂಚನಾ ಫಲಕದ ಮೇಲೆ ಒಂದು ಸಣ್ಣ ಚೀಟಿ ಕಾಣಿಸಿಕೊಳ್ಳುತ್ತದೆ: ‘ಎನ್.ಸಿ.ಸಿ. ಸೇರಬಯಸುವ ಪ್ರಥಮ ವರ್ಷದ ವಿದ್ಯಾರ್ಥಿಗಳು ಇಂಥ ದಿನ ಬೆಳಿಗ್ಗೆ ಆಟದ ಮೈದಾನದಲ್ಲಿ ಹಾಜರಿರತಕ್ಕದ್ದು.’ ಅಂದು ರಾತ್ರಿ ಊಟದ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಚರ್ಚೆ ಏಳುತ್ತದೆ. ‘ಸೇರ್ತೀನಪ್ಪಾ, ಮುಂದೆ ಆಫೀಸರ್ ಆಗಬಹುದಂತೆ’ ಎನ್ನುತ್ತಾನೆ ಮಗ. ‘ಮೊದಲು ನೆಟ್ಟಗೆ ಓದು. ಬಿಸಿಲಲ್ಲಿ ಕವಾಯತು ಮಾಡಿದರೆ ಮಾರ್ಕ್ಸ್ ಬರುತ್ತದೇನು?’ ಎನ್ನುತ್ತಾರೆ ಅಪ್ಪ. ‘ಯುದ್ಧಗಿದ್ಧ ಬಂದರೆ ಕರಕೊಂಡು ಹೋಗ್ತಾರೇನೋ’ ಎಂಬುದು ಅಮ್ಮನ ಆತಂಕ. ಕೇಳುತ್ತಿರುವವಳು ಮಗಳಾದರೆ ಈ ಪಟ್ಟಿಗೆ ಇನ್ನೂ ನಾಲ್ಕು ಪ್ರಶ್ನೆಗಳು ಸೇರಿಕೊಳ್ಳುತ್ತವೆ.

ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರನ್ನು ಕೊಟ್ಟ ಕೊಡಗಿನಲ್ಲಿ ಈ ಚರ್ಚೆಗೆ ಅಷ್ಟು ಬಿಸಿ ಇರಲಿಕ್ಕಿಲ್ಲ. ಸೈನ್ಯದಲ್ಲಿದ್ದು ಬಂದ ಚಿಕ್ಕಪ್ಪನೋ ಮಾವನೋ ಅಲ್ಲಿ ನೆರೆಹೊರೆಯಲ್ಲೇ ಸಿಗುತ್ತಾರೆ. ಕೇಳಿದರೆ ದಾರಿ ಹೇಳುತ್ತಾರೆ. ಆದರೆ ಬಯಲುಸೀಮೆಯ ರೈತರ ಮನೆಗೋ, ಪೇಟೆಯ ಗುಮಾಸ್ತರ ಮನೆಗೋ ಸೈನ್ಯವೆಂದರೆ ಜನವರಿ 26ರ ಬೆಳಿಗ್ಗೆ ಟಿ.ವಿ.ಯಲ್ಲಿ ಕಾಣುವ ದೃಶ್ಯ ಅಷ್ಟೇ. ಸಲಹೆ ಕೇಳೋಣವೆಂದರೆ ಯಾರೂ ಇಲ್ಲ. ಹೀಗಾಗಿ ಒಂದೋ ಹುಡುಗನ ಉತ್ಸಾಹಕ್ಕೆ ತಣ್ಣೀರು ಬೀಳುತ್ತದೆ, ಇಲ್ಲವೇ ಯಾವ ಲೆಕ್ಕಾಚಾರವೂ ಇಲ್ಲದೆ ಅವನು ಧುಮುಕಿಬಿಡುತ್ತಾನೆ. ಎರಡರಿಂದಲೂ ನಷ್ಟವೇ. ಕಾಲೇಜಿನ ಓದನ್ನೂ ಕೆಡೆಟ್‌ನ ತರಬೇತಿಯನ್ನೂ ಒಟ್ಟಿಗೆ ತೂಗಿಸಿಕೊಂಡು ಹೋಗುವುದು ಹೇಗೆ ಎಂಬುದನ್ನು ಈ ವಾರ ಸ್ವಲ್ಪ ವಿವರವಾಗಿ ನೋಡೋಣ.

ಅಮ್ಮನ ಆತಂಕಕ್ಕೆ ಉತ್ತರ

ಮೊದಲು ಭಯದ ಮಾತು ಮುಗಿಸಿಬಿಡೋಣ. ಎನ್.ಸಿ.ಸಿ. ಎಂದರೆ ನ್ಯಾಷನಲ್ ಕೆಡೆಟ್ ಕೋರ್, ರಾಷ್ಟ್ರೀಯ ವಿದ್ಯಾರ್ಥಿ ಸೇನಾದಳ. ವಿದ್ಯಾರ್ಥಿಗಳಿಗೆ ಸೈನಿಕ ತರಬೇತಿ ಕೊಡುವ ಪದ್ಧತಿ ನಮ್ಮಲ್ಲಿ ಬ್ರಿಟಿಷರ ಕಾಲದಿಂದಲೂ ಇತ್ತು. 1917ರಲ್ಲಿ ಯೂನಿವರ್ಸಿಟಿ ಕೋರ್ ಹುಟ್ಟಿತು. 1920ರ ನಂತರ ಅದು ಯೂನಿವರ್ಸಿಟಿ ಟ್ರೇನಿಂಗ್ ಕೋರ್ ಆಯಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಪಂಡಿತ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯ ಸಮಿತಿಯೊಂದು ಇಡೀ ದೇಶಕ್ಕೆ ಅನ್ವಯಿಸುವ ವ್ಯವಸ್ಥೆ ಹೇಗಿರಬೇಕೆಂದು ಪರಿಶೀಲಿಸಿತು. ಅದರ ಫಲವಾಗಿ 1948ರಲ್ಲಿ ಎನ್.ಸಿ.ಸಿ. ಕಾಯ್ದೆ ಬಂತು, ಅದೇ ವರ್ಷ ಜುಲೈ 15ರಂದು ಸಂಸ್ಥೆ ಆರಂಭವಾಯಿತು. ಮರುವರ್ಷವೇ ಹೆಣ್ಣುಮಕ್ಕಳ ವಿಭಾಗವೂ ಸೇರಿಕೊಂಡಿತು.

ಚೀನಾ ಯುದ್ಧದ ಬಿಸಿಯಲ್ಲಿ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆಲ್ಲ ಎನ್.ಸಿ.ಸಿ. ಕಡ್ಡಾಯವಾಗಿತ್ತು. ಅಂದು ಇಷ್ಟವಿದ್ದವರೂ ಇಲ್ಲದವರೂ ಒಟ್ಟಿಗೇ ಹೆಜ್ಜೆ ಹಾಕಿದರು. ಮನೆಯ ಹಿರಿಯರಲ್ಲಿ ಕೆಲವರಿಗೆ ಎನ್.ಸಿ.ಸಿ. ಎಂದರೆ ಇಂದಿಗೂ ಒಂದು ಬಲವಂತದ ನೆನಪಾಗಿ ಉಳಿದಿದ್ದರೆ ಅದಕ್ಕೆ ಇದೇ ಕಾರಣ. 1968ರಲ್ಲಿ ಆ ಕಡ್ಡಾಯ ಹೋಯಿತು. ಆಮೇಲೆ ಇದು ಸ್ವಇಚ್ಛೆಯಿಂದ ಸೇರುವ ಸಂಸ್ಥೆ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಕೆಡೆಟ್ ಆದ ಮಾತ್ರಕ್ಕೆ ಸೈನ್ಯದಲ್ಲಿ ಸೇವೆ ಸಲ್ಲಿಸಬೇಕೆಂಬ ಯಾವ ಕಟ್ಟುಪಾಡೂ ಇಲ್ಲ. ಇದು ಕಾಯ್ದೆಯಲ್ಲೇ ಇರುವ ಮಾತು. ಮೂರು ವರ್ಷ ಖಾಕಿ ತೊಟ್ಟು, ಪದವಿ ಮುಗಿಸಿ, ಮೇಷ್ಟರಾಗುವವರೂ ಬ್ಯಾಂಕು ಸೇರುವವರೂ ಉಂಟು. ಯುದ್ಧ ಬಂದರೆ ಕಾಲೇಜು ಕೆಡೆಟ್ಟನ್ನು ಯಾರೂ ಗಡಿಗೆ ಕಳಿಸುವುದಿಲ್ಲ.

ತರಬೇತಿಗೆ ಶುಲ್ಕವಿಲ್ಲ. ಸಮವಸ್ತ್ರ, ಶಿಬಿರದ ಊಟ, ವಸತಿ ಎಲ್ಲವೂ ಸರ್ಕಾರದ ಖರ್ಚು. ಕೈಯಿಂದ ಹೋಗುವುದು ಇಸ್ತ್ರಿಯ ದುಡ್ಡು, ಪಾಲಿಷ್ ಡಬ್ಬಿ ಮತ್ತು ಸಮಯ. ಈ ಮೂರನೆಯದರ ಲೆಕ್ಕವೇ ದೊಡ್ಡದು.

ವಾರದ ಲೆಕ್ಕ, ವರ್ಷದ ಲೆಕ್ಕ

ಸಾಮಾನ್ಯವಾಗಿ ಕಾಲೇಜುಗಳಲ್ಲಿ ವಾರಕ್ಕೆ ಒಂದೆರಡು ಪೆರೇಡು ಇರುತ್ತವೆ. ಬೆಳಗಿನ ಜಾವ ಇಲ್ಲವೇ ಶನಿವಾರ, ಭಾನುವಾರಗಳಂದು. ‘ಸಾವಧಾನ್’, ‘ವಿಶ್ರಾಮ್’, ‘ತೇಜ್ ಚಲ್’, ‘ಥಮ್’ ಎಂಬ ಹಿಂದಿಯ ಆಜ್ಞೆಗಳು ಮೊದಲ ತಿಂಗಳು ತಲೆಗೆ ಹೋಗುವ ಮುಂಚೆ ಕಾಲಿಗೇ ಹೋಗುತ್ತವೆ. ಕವಾಯತಿನ ಜೊತೆಗೆ ಬಂದೂಕಿನ ಪರಿಚಯ, ನಕ್ಷೆ ಓದುವುದು, ಪ್ರಥಮ ಚಿಕಿತ್ಸೆ, ನಾಯಕತ್ವ, ಸಮಾಜಸೇವೆ ಎಂದು ಪಾಠಗಳಿರುತ್ತವೆ. ಕರಾವಳಿಯ ಕೆಲವು ಕಾಲೇಜುಗಳಲ್ಲಿ ನೌಕಾದಳದ ಘಟಕವಿದ್ದು, ದೋಣಿ ಹುಟ್ಟುಹಾಕುವುದನ್ನೂ ಕಲಿಸುತ್ತಾರೆ. ಪೆರೇಡು ಮುಗಿದ ಮೇಲೆ ಸಿಗುವ ಪೂರಿಯೋ ಇಡ್ಲಿ-ವಡೆಯೋ ಹುಡುಗರ ಪಾಲಿಗೆ ಪಠ್ಯಕ್ರಮದ ಮುಖ್ಯ ಭಾಗ!

ವಾರದ ಲೆಕ್ಕದಲ್ಲಿ ಇದು ಐದಾರು ಗಂಟೆಗಿಂತ ಹೆಚ್ಚಲ್ಲ. ಸಂಜೆ ಗೆಳೆಯರ ಜೊತೆ ಕಟ್ಟೆಯ ಮೇಲೆ ಕುಳಿತು ಕಳೆಯುವ ಹೊತ್ತಿಗೆ, ಮೊಬೈಲಿನಲ್ಲಿ ಕರಗುವ ಹೊತ್ತಿಗೆ ಹೋಲಿಸಿದರೆ ಏನೇನೂ ಅಲ್ಲ. ಆದರೆ ಈ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಕಾಲೇಜಿನ ಪಕ್ಕದ ಬೀದಿಯ ಹುಡುಗ ಆರೂವರೆಯ ಪೆರೇಡಿಗೆ ಆರಕ್ಕೆ ಎದ್ದರೆ ಸಾಕು. ಮೂವತ್ತು ಕಿಲೋಮೀಟರು ದೂರದ ಹಳ್ಳಿಯಿಂದ ಬಸ್ ಪಾಸಿನಲ್ಲಿ ಬರುವ ಹುಡುಗನಿಗೆ ಊರಿನ ಮೊದಲ ಬಸ್ಸೇ ಆರೂವರೆಗೆ ಹೊರಡುವುದು! ಅಂಥವನು ಹಿಂದಿನ ರಾತ್ರಿಯೇ ಬಂದು ಹಾಸ್ಟೆಲಿನ ಗೆಳೆಯನ ಕೋಣೆಯಲ್ಲೋ ನೆಂಟರ ಮನೆಯಲ್ಲೋ ಉಳಿಯಬೇಕು. ಸೇರುವ ಮುಂಚೆಯೇ ಈ ಲೆಕ್ಕ ಹಾಕಿಕೊಳ್ಳಿ. ಏಕೆಂದರೆ ವರ್ಷಕ್ಕೆ ಕನಿಷ್ಠ ಶೇ. 75ರಷ್ಟು ಪೆರೇಡುಗಳಿಗೆ ಹಾಜರಿ ಇಲ್ಲದಿದ್ದರೆ ಸರ್ಟಿಫಿಕೇಟ್ ಪರೀಕ್ಷೆಗೆ ಕೂರಲು ಬಿಡುವುದಿಲ್ಲ.

ವರ್ಷದ ಲೆಕ್ಕದಲ್ಲಿ ದೊಡ್ಡದು ಶಿಬಿರ. ವಾರ್ಷಿಕ ತರಬೇತಿ ಶಿಬಿರ ಈಗ ಹತ್ತು ದಿನಗಳದು. ಎರಡು ವರ್ಷ ತರಬೇತಿ ಪಡೆದು, ಒಂದು ಶಿಬಿರ ಮುಗಿಸಿದವರು ‘ಬಿ’ ಸರ್ಟಿಫಿಕೇಟ್ ಪರೀಕ್ಷೆ ಬರೆಯಬಹುದು. ಮೂರನೆಯ ವರ್ಷ ಮುಗಿಸಿ, ಒಟ್ಟು ಎರಡು ಶಿಬಿರಗಳನ್ನು ಕಂಡವರಿಗೆ ‘ಸಿ’ ಸರ್ಟಿಫಿಕೇಟ್ ಪರೀಕ್ಷೆ. ಇಷ್ಟು ಕನಿಷ್ಠ. ಮೂರು ವರ್ಷದಲ್ಲಿ ಇಪ್ಪತ್ತು ದಿನದ ಶಿಬಿರ, ವಾರಕ್ಕೆ ಐದಾರು ಗಂಟೆಯ ಪೆರೇಡು. ಈ ಮಟ್ಟದಲ್ಲಿ ಎನ್.ಸಿ.ಸಿ.ಯಿಂದ ಯಾರ ಓದೂ ಹಾಳಾಗಲಾರದು. ಹಾಳಾಯಿತೆಂದು ಯಾರಾದರೂ ಹೇಳಿದರೆ ಬೇರೆ ಕಾರಣ ಹುಡುಕಬೇಕು.

ತಾಳ ತಪ್ಪುವುದು ಎಲ್ಲಿ?

ತೊಂದರೆ ಬರುವುದು ಸಾಧಾರಣ ಕೆಡೆಟ್‌ಗಲ್ಲ, ಒಳ್ಳೆಯ ಕೆಡೆಟ್‌ಗೆ. ನೆಟ್ಟಗೆ ನಿಲ್ಲುವ, ದನಿ ಚೆನ್ನಾಗಿರುವ, ಹೇಳಿದ ಕೆಲಸ ಮಾಡುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಈ ಶಿಬಿರಕ್ಕೆ ಅವನು, ಆ ಸ್ಪರ್ಧೆಗೆ ಅವನು, ಗಣ್ಯರು ಬಂದರೆ ಗೌರವರಕ್ಷೆಗೂ ಅವನು. ಬೇಡ ಎನ್ನಲು ಅವನಿಗೆ ಬಾಯಿ ಬರುವುದಿಲ್ಲ. ಬೇಡ ಎನ್ನುವ ಮನಸ್ಸೂ ಇರುವುದಿಲ್ಲ.

ಇವೆಲ್ಲಕ್ಕೂ ಶಿಖರದಂತಿರುವುದು ದೆಹಲಿಯ ಗಣರಾಜ್ಯೋತ್ಸವ ಶಿಬಿರ. 2022ರಲ್ಲಿ ಕರ್ತವ್ಯಪಥವೆಂದು ಹೆಸರು ಬದಲಾದ ಹಿಂದಿನ ರಾಜಪಥದಲ್ಲಿ ಹೆಜ್ಜೆ ಹಾಕುವುದು ಪ್ರತಿ ಕೆಡೆಟ್‌ನ ಕನಸು. ಆ ಕನಸು ನ್ಯಾಯವಾದದ್ದೇ. ಅದರ ಬೆಲೆ ಎಷ್ಟೆಂದು ಮೊದಲೇ ತಿಳಿದಿರಬೇಕು, ಅಷ್ಟೆ. ದೆಹಲಿಯ ಶಿಬಿರವೊಂದೇ ಸುಮಾರು ಒಂದು ತಿಂಗಳಿನದು. ಅದಕ್ಕೂ ಮುಂಚೆ ಬೆಟಾಲಿಯನ್ ಮಟ್ಟದಲ್ಲಿ, ಗ್ರೂಪ್ ಮಟ್ಟದಲ್ಲಿ, ಕೊನೆಗೆ ಬೆಂಗಳೂರಿನಲ್ಲಿ ಕರ್ನಾಟಕ-ಗೋವಾ ನಿರ್ದೇಶನಾಲಯದ ಮಟ್ಟದಲ್ಲಿ ಒಂದರ ಮೇಲೊಂದು ಆಯ್ಕೆ ಶಿಬಿರಗಳು. ಎಲ್ಲ ಹಂತಗಳನ್ನೂ ದಾಟಿದವನು ತಿಂಗಳುಗಟ್ಟಲೆ ತರಗತಿಯಿಂದ ಹೊರಗಿರುತ್ತಾನೆ. ನಮ್ಮ ಅನೇಕ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಪರೀಕ್ಷೆ, ಆಂತರಿಕ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ಬರುವುದೂ ಹೆಚ್ಚುಕಡಿಮೆ ಆ ತಿಂಗಳುಗಳಲ್ಲೇ.

ದ್ವಿತೀಯ ಬಿ.ಎಸ್ಸಿ. ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ದೆಹಲಿಯಿಂದ ಪದಕ ಧರಿಸಿ ಬರುತ್ತಾನೆ. ರೈಲು ನಿಲ್ದಾಣದಲ್ಲಿ ಹಾರ, ಕಾಲೇಜಿನಲ್ಲಿ ಸನ್ಮಾನ, ಪತ್ರಿಕೆಯ ಒಳಪುಟದಲ್ಲಿ ಫೋಟೋ. ಸಂಭ್ರಮ ಒಂದು ವಾರದ್ದು. ಆಮೇಲೆ ನೋಡಿದರೆ ರಸಾಯನಶಾಸ್ತ್ರದ ಅರ್ಧ ಪ್ರಯೋಗಗಳು ಬಾಕಿ, ರೆಕಾರ್ಡ್ ಪುಸ್ತಕ ಖಾಲಿ, ಗಣಿತದಲ್ಲಿ ಎರಡು ಅಧ್ಯಾಯಗಳ ತಲೆಬುಡ ಗೊತ್ತಿಲ್ಲ. ಒಂದು ವಿಷಯ ಉಳಿಯುತ್ತದೆ. ಮುಂದಿನ ಸೆಮಿಸ್ಟರಿನಲ್ಲಿ ಅದನ್ನು ಕಟ್ಟಿಕೊಳ್ಳುವ ಭರದಲ್ಲಿ ಇನ್ನೊಂದು ಜಾರುತ್ತದೆ. ‘ಎನ್.ಸಿ.ಸಿ.ಯಿಂದ ನಮ್ಮ ಹುಡುಗ ಕೆಟ್ಟ’ ಎಂದು ಮನೆಯವರು. ‘ಆಫೀಸರ್ ಆಗುವವನಿಗೆ ಕೆಮಿಸ್ಟ್ರಿ ಯಾಕೆ?’ ಎಂದು ಹುಡುಗ. ಇಬ್ಬರ ಮಾತೂ ತಪ್ಪು. ಅದರಲ್ಲೂ ಹುಡುಗನ ಮಾತು ಅವನಿಗೇ ಹೆಚ್ಚು ದುಬಾರಿ. ಹೇಗೆಂದು ಮುಂದೆ ನೋಡೋಣ.

ಒಂದು ಬಾಗಿಲು, ಎರಡು ಬೀಗ

ಕೆಡೆಟ್‌ಗಳಿಗಾಗಿಯೇ ಭೂಸೇನೆಯಲ್ಲಿ ‘ಎನ್.ಸಿ.ಸಿ. ಸ್ಪೆಷಲ್ ಎಂಟ್ರಿ’ ಎಂಬ ದಾರಿಯಿದೆ. ಸೇನಾಧಿಕಾರಿಯಾಗಬಯಸುವ ಪದವೀಧರರು ಸಾಮಾನ್ಯವಾಗಿ ಕೇಂದ್ರ ಲೋಕಸೇವಾ ಆಯೋಗದ ಸಿ.ಡಿ.ಎಸ್. ಲಿಖಿತ ಪರೀಕ್ಷೆಯನ್ನು ಎದುರಿಸಬೇಕು. ಸ್ಪೆಷಲ್ ಎಂಟ್ರಿಯಲ್ಲಿ ಆ ಲಿಖಿತ ಪರೀಕ್ಷೆ ಇಲ್ಲ. ಅರ್ಜಿಗಳನ್ನು ಸೋಸಿ, ಆಯ್ದವರನ್ನು ನೇರವಾಗಿ ಎಸ್.ಎಸ್.ಬಿ. ಸಂದರ್ಶನಕ್ಕೆ ಕರೆಯುತ್ತಾರೆ. ವರ್ಷಕ್ಕೆ ಎರಡು ಸಲ ಪ್ರಕಟಣೆ ಹೊರಡುತ್ತದೆ. ವಯಸ್ಸು 19ರಿಂದ 25ರೊಳಗಿರಬೇಕು, ಅವಿವಾಹಿತರಾಗಿರಬೇಕು.

ಈಗ ಬೀಗಗಳನ್ನು ನೋಡಿ. ಒಂದು, ‘ಸಿ’ ಸರ್ಟಿಫಿಕೇಟ್, ಅದೂ ಕನಿಷ್ಠ ‘ಬಿ’ ಶ್ರೇಣಿಯಲ್ಲಿ. ಇನ್ನೊಂದು, ಪದವಿ, ಅದೂ ಒಟ್ಟಾರೆ ಶೇ. 50 ಅಂಕಗಳೊಂದಿಗೆ. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ಆದರೆ ಮೂರು ವರ್ಷದ ಪದವಿಯಾದರೆ ಮೊದಲ ಎರಡು ವರ್ಷಗಳ, ನಾಲ್ಕು ವರ್ಷದ್ದಾದರೆ ಮೊದಲ ಮೂರು ವರ್ಷಗಳ ಅಂಕಗಳು ಒಟ್ಟು ಶೇ. 50 ಆಗಿರಬೇಕು. ಹೀಗಾಗಿ ಉಳಿದ ವಿಷಯವನ್ನು ‘ಆಮೇಲೆ ಕಟ್ಟಿದರಾಯಿತು’ ಎಂದು ಮುಂದೂಡಿದವನಿಗೆ ಎದೆಯ ಮೇಲಿನ ಪದಕ ಈ ಬಾಗಿಲನ್ನು ತೆರೆದುಕೊಡುವುದಿಲ್ಲ. ಹಾಗೆಯೇ ಓದಿನಲ್ಲಿ ಮುಳುಗಿ ಪೆರೇಡಿಗೆ ಚಕ್ಕರ್ ಹೊಡೆದು, ‘ಸಿ’ ಪರೀಕ್ಷೆಯಲ್ಲಿ ಕೆಳಗಿನ ಶ್ರೇಣಿ ಪಡೆದ ರ್‍ಯಾಂಕ್ ವಿದ್ಯಾರ್ಥಿಗೂ ಅದು ಮುಚ್ಚಿದ ಬಾಗಿಲೇ. ಕಾಲೇಜು ಒಂದು ಕಡೆ, ಎನ್.ಸಿ.ಸಿ. ಇನ್ನೊಂದು ಕಡೆ ಎಂದು ಎಳೆದಾಡುವುದೇ ತಪ್ಪು ಲೆಕ್ಕ. ಎತ್ತಿನ ಜೋಡಿಯಲ್ಲಿ ಒಂದನ್ನು ಬಿಚ್ಚಿ ಕಳಿಸಿ ಹೊಲ ಉಳಲು ಸಾಧ್ಯವೇ?

ಎಸ್.ಎಸ್.ಬಿ. ಎಂದರೆ ಐದು ದಿನಗಳ ಪರೀಕ್ಷೆ. ನಮ್ಮ ಬೆಂಗಳೂರಿನಲ್ಲೇ ಒಂದು ಆಯ್ಕೆ ಕೇಂದ್ರವಿದೆ. ಮೊದಲ ದಿನ ಬುದ್ಧಿಶಕ್ತಿಯ ಪರೀಕ್ಷೆ, ಒಂದು ಮಸುಕು ಚಿತ್ರ ನೋಡಿ ಕಥೆ ಬರೆದು ಗುಂಪಿನಲ್ಲಿ ಚರ್ಚಿಸುವ ಪರೀಕ್ಷೆ. ಇದು ಜರಡಿ. ಇಲ್ಲಿ ಉಳಿಯದವರು ಅಂದೇ ಊರಿಗೆ ಹೊರಡುತ್ತಾರೆ. ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆಗಳು: ಹದಿನೈದು ಸೆಕೆಂಡಿಗೊಂದರಂತೆ 60 ಪದಗಳು ಕಣ್ಣ ಮುಂದೆ ಬರುತ್ತವೆ, ಪ್ರತಿಯೊಂದಕ್ಕೂ ಮನಸ್ಸಿಗೆ ಹೊಳೆದ ವಾಕ್ಯ ಬರೆಯಬೇಕು. ಅರ್ಧ ಗಂಟೆಯಲ್ಲಿ 60 ಸನ್ನಿವೇಶಗಳಿಗೆ ‘ನೀನಾಗಿದ್ದರೆ ಏನು ಮಾಡುತ್ತಿದ್ದೆ’ ಎಂದು ಉತ್ತರಿಸಬೇಕು. ಮೈದಾನದಲ್ಲಿ ಹಲಗೆ, ಹಗ್ಗ, ಡ್ರಮ್ಮುಗಳನ್ನಿಟ್ಟುಕೊಂಡು ಗುಂಪಾಗಿ ಅಡೆತಡೆ ದಾಟಬೇಕು. ಜೊತೆಗೆ ಅಧಿಕಾರಿಯೊಬ್ಬರೊಂದಿಗೆ ದೀರ್ಘ ಮಾತುಕತೆ. ಕೊನೆಯ ದಿನ ಎಲ್ಲ ಪರೀಕ್ಷಕರೂ ಒಟ್ಟಿಗೆ ಕುಳಿತು ತೀರ್ಮಾನಿಸುತ್ತಾರೆ.

ಆ ಮಾತುಕತೆಗೆ ಮುಂಚೆ ಒಂದು ಮಾಹಿತಿ ಪತ್ರ ತುಂಬಿಸಿಕೊಳ್ಳುತ್ತಾರೆ. ಅದರಲ್ಲಿ ಎನ್.ಸಿ.ಸಿ.ಯ ವಿವರ ಕೇಳುತ್ತಾರೆ, ನಿಜ. ಆಟೋಟ, ಹವ್ಯಾಸ ಕೇಳುತ್ತಾರೆ. ಹಾಗೆಯೇ ಹತ್ತನೆಯ ತರಗತಿಯಿಂದ ಹಿಡಿದು ಅಂಕಗಳನ್ನೂ ಕೇಳುತ್ತಾರೆ. ‘ಎರಡನೆಯ ವರ್ಷದಲ್ಲಿ ಅಂಕ ಏಕೆ ಕುಸಿಯಿತು?’ ಎಂಬ ಪ್ರಶ್ನೆ ಬಂದಾಗ ‘ಶಿಬಿರಕ್ಕೆ ಹೋಗಿದ್ದೆ ಸರ್’ ಎಂದರೆ ಅಲ್ಲಿಗೆ ಮುಗಿಯುವುದಿಲ್ಲ. ‘ಬಂದ ಮೇಲೆ ಅದನ್ನು ಸರಿದೂಗಿಸಲು ಏನು ಮಾಡಿದೆ?’ ಎಂಬ ಇನ್ನೊಂದು ಪ್ರಶ್ನೆ ಅದರ ಹಿಂದೆಯೇ ಬಂದರೆ ಆಶ್ಚರ್ಯವಿಲ್ಲ. ಅದಕ್ಕೆ ಉತ್ತರವಿದ್ದವನು ಅಲ್ಲಿ ಧೈರ್ಯವಾಗಿ ಕೂರುತ್ತಾನೆ. ಸಮಯ ಕಡಿಮೆ, ಕೆಲಸ ಹೆಚ್ಚು, ಎರಡನ್ನೂ ಬಿಡುವಂತಿಲ್ಲ ಎಂಬ ಸ್ಥಿತಿಯಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನೇ ಅಲ್ಲವೇ ಆ ಐದೂ ದಿನ ಅವರು ಹುಡುಕುವುದು? ಕಾಲೇಜನ್ನೂ ಪೆರೇಡನ್ನೂ ಮೂರು ವರ್ಷ ತೂಗಿಸಿದವನು ಆ ಪರೀಕ್ಷೆಯನ್ನು ದಿನನಿತ್ಯ ಬರೆದಿರುತ್ತಾನೆ.

ಆಯ್ಕೆಯಾಗಿ, ವೈದ್ಯಕೀಯ ತಪಾಸಣೆ ಮುಗಿಸಿ, ಅರ್ಹತಾ ಪಟ್ಟಿಯಲ್ಲಿ ಬಂದವರಿಗೆ ಚೆನ್ನೈನ ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿಯಲ್ಲಿ 49 ವಾರಗಳ ತರಬೇತಿ. ತರಬೇತಿಯ ಖರ್ಚು ಸರ್ಕಾರದ್ದು. ಜೊತೆಗೆ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್. ಮುಗಿಸಿದವರು ಲೆಫ್ಟಿನೆಂಟ್ ಆಗಿ ಹತ್ತು ವರ್ಷಗಳ ಅಲ್ಪಾವಧಿ ಸೇವೆಗೆ ಸೇರುತ್ತಾರೆ; ಅದನ್ನು ಇನ್ನೂ ನಾಲ್ಕು ವರ್ಷ ವಿಸ್ತರಿಸಲು ಅವಕಾಶವಿದೆ.

ಮೂರು ವರ್ಷದ ಯೋಜನೆ

ದಿನದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುವುದು ಸುಲಭ. ಅದು ಎರಡನೆಯ ವಾರಕ್ಕೇ ಬಣ್ಣ ಕಳೆದುಕೊಳ್ಳುತ್ತದೆ. ಕೆಡೆಟ್‌ಗೆ ಬೇಕಾಗಿರುವುದು ಮೂರು ವರ್ಷಗಳ ಯೋಜನೆ.

ಮೊದಲ ವರ್ಷ ಬುನಾದಿಯದು. ಪೆರೇಡು ತಪ್ಪಿಸಬೇಡಿ, ವಾರ್ಷಿಕ ಶಿಬಿರಕ್ಕೆ ಒಂದು ಅವಕಾಶ ಸಿಕ್ಕರೆ ಹೋಗಿಬನ್ನಿ. ಇದೇ ವರ್ಷ ಓದಿನಲ್ಲಿ ಒಂದಿಷ್ಟು ಅಂಕಗಳನ್ನು ಕೂಡಿಟ್ಟುಕೊಳ್ಳಿ. ಮೊದಲ ಎರಡು ಸೆಮಿಸ್ಟರಿನಲ್ಲಿ ಶೇ. 65 ಬಂದಿದ್ದರೆ ಮುಂದೆ ಒಂದು ಸೆಮಿಸ್ಟರ್ ಸ್ವಲ್ಪ ಕುಸಿದರೂ ಒಟ್ಟು ಶೇ. 50ಕ್ಕೆ ಮೋಸವಿಲ್ಲ. ಕಣ್ಣು, ಕಿವಿ, ಪಾದಗಳನ್ನು ವೈದ್ಯರಿಗೆ ತೋರಿಸಿಕೊಳ್ಳುವುದಕ್ಕೂ ಇದೇ ಸರಿಯಾದ ಕಾಲ. ಬಣ್ಣ ಗುರುತಿಸುವಲ್ಲಿ ದೋಷವಿದೆಯೆಂದು ಕೊನೆಯ ವರ್ಷದಲ್ಲಿ ತಿಳಿದು ಕಣ್ಣೀರು ಹಾಕುವುದಕ್ಕಿಂತ ಮೊದಲೇ ತಿಳಿದಿದ್ದರೆ ಒಳ್ಳೆಯದು.

ಎರಡನೆಯ ವರ್ಷ ದೊಡ್ಡ ಶಿಬಿರದ ವರ್ಷ. ಗಣರಾಜ್ಯೋತ್ಸವವೋ, ಥಲ್ ಸೈನಿಕ ಶಿಬಿರವೋ, ಪರ್ವತಾರೋಹಣವೋ, ಒಂದನ್ನು ಆರಿಸಿಕೊಳ್ಳಿ. ಎಲ್ಲವೂ ಬೇಕೆಂದರೆ ಯಾವುದೂ ದಕ್ಕುವುದಿಲ್ಲ. ಹೊರಡುವ ಮುಂಚೆ ನಾಲ್ಕು ಕೆಲಸ ಮಾಡಿ. ಎನ್.ಸಿ.ಸಿ. ಅಧಿಕಾರಿಗಳಾದ ನಿಮ್ಮ ಅಧ್ಯಾಪಕರಿಂದ ಶಿಬಿರದ ಪತ್ರ ಪಡೆದು ಪ್ರಾಂಶುಪಾಲರಿಗೂ ಪ್ರತಿ ವಿಷಯದ ಅಧ್ಯಾಪಕರಿಗೂ ಕೊಡಿ. ಶಿಬಿರದ ದಿನಗಳಿಗೆ ಹಾಜರಿ ಸಿಗುತ್ತದೆಯೇ, ತಪ್ಪಿದ ಆಂತರಿಕ ಪರೀಕ್ಷೆಯನ್ನು ಮತ್ತೆ ನಡೆಸುತ್ತಾರೆಯೇ ಎಂಬುದನ್ನು ಬಾಯಿಮಾತಿನಲ್ಲಿ ಬಿಡದೆ ಬರವಣಿಗೆಯಲ್ಲಿ ಪಡೆಯಿರಿ. ಈ ನಿಯಮ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಬಗೆ. ಲ್ಯಾಬ್ ರೆಕಾರ್ಡ್‌ಗಳನ್ನು ಅಲ್ಲಿಯವರೆಗೆ ಪೂರ್ತಿ ಮಾಡಿ ಸಹಿ ಹಾಕಿಸಿ. ನೋಟ್ಸು ಇಟ್ಟುಕೊಡುವ ಒಬ್ಬ ನಂಬಿಕಸ್ಥ ಗೆಳೆಯನನ್ನು ಗೊತ್ತುಮಾಡಿಕೊಳ್ಳಿ. ಶಿಬಿರಕ್ಕೆ ಟ್ರಂಕಿನಲ್ಲಿ ಆರು ಪುಸ್ತಕ ಹೊತ್ತೊಯ್ದು ಹಾಗೆಯೇ ವಾಪಸು ತರುವ ಹುಡುಗರಿದ್ದಾರೆ! ಅಲ್ಲಿ ದಿನವಿಡೀ ಓಡಿ ಕುಣಿದ ಮೈಗೆ ರಾತ್ರಿ ಹಾಸಿಗೆ ಕಂಡರೆ ಸಾಕು. ಒಂದೇ ವಿಷಯದ ನೋಟ್ಸು ಒಯ್ಯಿರಿ, ದಿನಕ್ಕೆ ಎರಡು ಪುಟ ನೋಡಿ. ನಿಜವಾದ ಓದು ಬಂದ ಮೇಲಿನ ಮೂರು ವಾರಗಳದು. ಸನ್ಮಾನಗಳು ಕಾಯಲಿ, ಲೈಬ್ರರಿ ಕಾಯುವುದು ಬೇಡ.

ಕೊನೆಯ ವರ್ಷ ಸುಗ್ಗಿಯದು. ‘ಸಿ’ ಪರೀಕ್ಷೆಯಲ್ಲಿ ಕವಾಯತು, ಆಯುಧ ತರಬೇತಿ, ನಕ್ಷೆ ಓದುವಿಕೆ, ಸಾಮಾನ್ಯ ವಿಷಯಗಳು ಎಲ್ಲವೂ ಇರುತ್ತವೆ. ಕವಾಯತಿನಲ್ಲಿ ಪಳಗಿದವರು ಲಿಖಿತ ಭಾಗವನ್ನು ಹಗುರವಾಗಿ ಕಂಡು ಶ್ರೇಣಿ ಕಳೆದುಕೊಳ್ಳುವ ಅಪಾಯ ಇಲ್ಲಿದೆ. ಸೀನಿಯರ್ ಅಂಡರ್ ಆಫೀಸರ್ ಪಟ್ಟ ಸಿಕ್ಕಿದ್ದರೆ ಕಿರಿಯರ ಹೊಣೆಯೂ ನಿಮ್ಮದೇ. ಎಲ್ಲ ಕೆಲಸವನ್ನೂ ತಲೆಯ ಮೇಲೆ ಹೊತ್ತುಕೊಳ್ಳದೆ ಹಂಚಿ. ಕೆಲಸ ಹಂಚಲು ಬಾರದವನು ಅಧಿಕಾರಿಯಾಗಿ ಮಾಡುವುದಾದರೂ ಏನು? ಹೆಚ್ಚುವರಿ ಶಿಬಿರಗಳಿಗೆ ಈ ವರ್ಷ ‘ಈ ಸಲ ಬೇಡ ಸರ್’ ಎಂದು ವಿನಯದಿಂದ ಹೇಳಿ. ಅರ್ಥವಿರುವ ಯಾವ ಅಧಿಕಾರಿಯೂ ಕೋಪಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಓಟ ಬಿಡಬೇಡಿ. ಇಂಗ್ಲಿಷ್ ಪತ್ರಿಕೆಯೊಂದನ್ನು ಗಟ್ಟಿಯಾಗಿ ಓದುವ ಅಭ್ಯಾಸ ಇಟ್ಟುಕೊಳ್ಳಿ. ಕನ್ನಡ ಮಾಧ್ಯಮದ ಹುಡುಗರು ಎಸ್.ಎಸ್.ಬಿ.ಯಲ್ಲಿ ತಡವರಿಸುವುದು ವಿಷಯ ತಿಳಿಯದೆ ಅಲ್ಲ, ಬಾಯಿ ಬಿಡಲು ಅಂಜಿ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹಾಜರಾತಿಯ ಮಿತಿ ಶೇ. 85. ಸಾಮಾನ್ಯ ಪದವಿ ಕಾಲೇಜಿನಷ್ಟು ಸಡಿಲಿಕೆ ಅಲ್ಲಿಲ್ಲ. ಆದರೆ ನಿಮಗೆ ನಾಲ್ಕು ವರ್ಷಗಳಿವೆ. ಮೊದಲ ಮೂರರಲ್ಲಿ ‘ಸಿ’ ಮುಗಿಸಿಕೊಂಡರೆ ಕೊನೆಯ ವರ್ಷ ಪ್ರಾಜೆಕ್ಟಿಗೂ ಸಂದರ್ಶನಕ್ಕೂ ಸಿಗುತ್ತದೆ. 2021ರಲ್ಲಿ ಯು.ಜಿ.ಸಿ.ಯು ಎನ್.ಸಿ.ಸಿ.ಯನ್ನು ಕ್ರೆಡಿಟ್ ಇರುವ ಐಚ್ಛಿಕ ವಿಷಯವಾಗಿ ಅಳವಡಿಸಿಕೊಳ್ಳುವಂತೆ ವಿಶ್ವವಿದ್ಯಾಲಯಗಳಿಗೆ ತಿಳಿಸಿತು. ನಿಮ್ಮ ಕಾಲೇಜಿನಲ್ಲಿ ಅದು ಉಂಟೇ ಎಂದು ವಿಚಾರಿಸಿ. ಇದ್ದರೆ ಪೆರೇಡಿನ ಬೆವರಿಗೆ ಅಂಕಪಟ್ಟಿಯಲ್ಲೂ ಒಂದು ಜಾಗ ಸಿಕ್ಕಂತಾಯಿತು.

ಹೆಣ್ಣುಮಕ್ಕಳ ವಿಷಯ

‘ಹುಡುಗಿಗೆ ಇದೆಲ್ಲ ಯಾಕೆ?’ ಎಂಬ ಪ್ರಶ್ನೆ ಹಳತಾಯಿತು. ಸೇನೆಯ ವೈದ್ಯಕೀಯ, ಶುಶ್ರೂಷಾ ವಿಭಾಗಗಳಲ್ಲಿ ಮೊದಲಿನಿಂದಲೂ ಮಹಿಳೆಯರಿದ್ದರು. 1992ರಿಂದ ಚೆನ್ನೈನ ಅದೇ ಅಕಾಡೆಮಿಯಲ್ಲಿ ಇತರ ವಿಭಾಗಗಳಿಗೂ ಮಹಿಳಾ ಅಧಿಕಾರಿಗಳು ತಯಾರಾಗುತ್ತಿದ್ದಾರೆ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅವರ ಕಾಯಂ ಸೇವೆಯ ಹಕ್ಕನ್ನು ಎತ್ತಿಹಿಡಿಯಿತು. ಸ್ಪೆಷಲ್ ಎಂಟ್ರಿಯಲ್ಲಿ ಮಹಿಳೆಯರಿಗೂ ಸ್ಥಾನಗಳಿವೆ. ಪುರುಷರಿಗಿಂತ ಬಹಳ ಕಡಿಮೆ ಎಂಬುದು ನಿಜ. ಆದ್ದರಿಂದಲೇ ತಯಾರಿ ಇನ್ನಷ್ಟು ಗಟ್ಟಿಯಿರಬೇಕು.

ಶಿಬಿರದ ಬಗ್ಗೆ ತಂದೆತಾಯಿಗಳಿಗೆ ಆತಂಕವಿರುವುದು ಸಹಜ. ಹುಡುಗಿಯರ ವಸತಿ ಬೇರೆ ಇರುತ್ತದೆ, ಜೊತೆಯಲ್ಲಿ ಮಹಿಳಾ ಸಿಬ್ಬಂದಿ ಇರುತ್ತಾರೆ. ಆದರೂ ಕೇಳಲು ಸಂಕೋಚಪಡಬೇಡಿ. ಯಾರು ಜೊತೆ ಹೋಗುತ್ತಾರೆ, ಎಲ್ಲಿ ಇಳಿಸುತ್ತಾರೆ, ಯಾವ ನಂಬರಿಗೆ ಫೋನು ಮಾಡಬೇಕು ಎಂದು ಕಾಲೇಜಿಗೆ ಹೋಗಿ ಕೇಳಿ ಬರೆದುಕೊಳ್ಳಿ. ಅದು ನಿಮ್ಮ ಹಕ್ಕು. ಕೇಳಿ ಸಮಾಧಾನವಾದ ಮೇಲೆ ಕಳಿಸಿಕೊಡಿ. ಹತ್ತು ದಿನ ತನ್ನ ಹಾಸಿಗೆ ತಾನೇ ಮಡಚಿ, ತನ್ನ ತಟ್ಟೆ ತಾನೇ ತೊಳೆದು, ಭಾಷೆ ಬಾರದ ಹುಡುಗಿಯೊಬ್ಬಳ ಜೊತೆ ಕೋಣೆ ಹಂಚಿಕೊಂಡು ಬಂದ ಮಗಳು ಹೋದಾಗಿನ ಮಗಳಾಗಿರುವುದಿಲ್ಲ. ಈ ಮಾತು ಗಂಡುಮಕ್ಕಳಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ!

ತಂದೆತಾಯಿಗಳಿಗೆ ಎರಡು ಮಾತು

ಅಂಕ ಕಡಿಮೆಯಾದ ಕೂಡಲೇ ‘ನಾಳೆಯಿಂದ ಎನ್.ಸಿ.ಸಿ. ಬಿಡು’ ಎನ್ನಬೇಡಿ. ಎರಡನೆಯ ವರ್ಷದ ನಡುವೆ ಬಿಟ್ಟರೆ ಅದುವರೆಗಿನ ಬೆವರೂ ವ್ಯರ್ಥ, ಸರ್ಟಿಫಿಕೇಟೂ ಇಲ್ಲ. ಅದರ ಬದಲು ಮಗನ ಜೊತೆ ಕುಳಿತು ಯಾವ ವಿಷಯ ಉಳಿದಿದೆ, ಮುಂದಿನ ಶಿಬಿರ ಯಾವಾಗ, ಪರೀಕ್ಷೆ ಯಾವಾಗ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಶಿಬಿರವನ್ನು ಬೇಕಾದರೆ ಕೈಬಿಡಲಿ, ಪೆರೇಡನ್ನು ಬಿಡುವುದು ಬೇಡ. ಹಾಗೆಯೇ ಮಗನ ಫೋಟೋ ಪತ್ರಿಕೆಯಲ್ಲಿ ಬಂತೆಂದು ಹಿಗ್ಗಿ, ಅಂಕಪಟ್ಟಿ ನೋಡುವುದನ್ನು ಮರೆಯಬೇಡಿ. ಮನೆಯಲ್ಲಿ ಎರಡಕ್ಕೂ ಒಂದೇ ತಕ್ಕಡಿ ಇರಲಿ.

ಇನ್ನೊಂದು ಮಾತನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎಸ್.ಎಸ್.ಬಿ.ಗೆ ಹೋದವರಲ್ಲಿ ಆಯ್ಕೆಯಾಗುವವರು ಕೆಲವರೇ. ಮೊದಲ ಪ್ರಯತ್ನದಲ್ಲಿ ವಾಪಸು ಬಂದು ಎರಡನೆಯದರಲ್ಲೋ ಮೂರನೆಯದರಲ್ಲೋ ಗೆದ್ದವರೂ ಇದ್ದಾರೆ. ಎಷ್ಟು ಸಲ ಹೋದರೂ ಆಗದವರೂ ಇದ್ದಾರೆ. ಆಗದಿದ್ದವರಿಗೆ ಕೈಯಲ್ಲಿ ಏನುಳಿಯುತ್ತದೆ? ‘ಸಿ’ ಸರ್ಟಿಫಿಕೇಟಿಗೆ ಇತರ ಕೆಲವು ನೇಮಕಾತಿಗಳಲ್ಲಿ ಬೆಲೆಯಿದೆ. ಅದಕ್ಕಿಂತ ಹೆಚ್ಚಾಗಿ ಒಂದು ಒಳ್ಳೆಯ ಪದವಿಯಿದ್ದರೆ ಮುಂದಿನ ಹತ್ತು ದಾರಿಗಳು ತೆರೆದಿರುತ್ತವೆ. ಓದನ್ನು ಬಿಟ್ಟು ಖಾಕಿಯನ್ನೇ ನಂಬಿಕೊಂಡವನಿಗೆ ಆ ಸೋಲು ಇಡೀ ಬದುಕಿನ ಸೋಲಿನಂತೆ ಕಾಣುತ್ತದೆ. ಎರಡನ್ನೂ ಉಳಿಸಿಕೊಂಡವನಿಗೆ ಅದು ಒಂದು ಸಂದರ್ಶನದ ಫಲಿತಾಂಶ ಮಾತ್ರ.

ಆದ್ದರಿಂದ ಮೈದಾನಕ್ಕೆ ಹೋಗುವ ಆಸೆಯಿರುವ ಮಕ್ಕಳೇ, ಧಾರಾಳವಾಗಿ ಹೋಗಿ. ಬೂಟಿಗೆ ಮುಖ ಕಾಣುವಷ್ಟು ಪಾಲಿಷ್ ಹಾಕಿ. ಆದರೆ ಅದೇ ದಿನ ಅರ್ಧ ಗಂಟೆ ಪುಸ್ತಕದ ಧೂಳನ್ನೂ ಒರೆಸಿ. ಸೇನೆಗೆ ಬೇಕಾಗಿರುವುದು ಓದು ಬಿಟ್ಟು ಬಂದ ವೀರರಲ್ಲ. ಓದು ಮುಗಿಸಿ ಬಂದ ಅಧಿಕಾರಿಗಳು.